ಗೋಡೆ ಇಲ್ಲದ ಮನೆಗೆ ಚಪ್ಪಲಿ ಬಿಟ್ಟವರು

ನಮ್ಮ ಮೇಷ್ಟ್ರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುವುದೇ ಇಲ್ಲ ಎಂದು ಹಟ ಹಿಡಿದು ಕೂತಿದ್ದರು. ಊರುಗಳನ್ನು ಹಾಳು ಮಾಡಿದ್ದೇ ಕಾರು ಎಂಬುದು ಅವರ ಸಿದ್ಧಾಂತ. ಅದರ ಬಗ್ಗೆ ದೇಶದೇಶ ಸುತ್ತಿ ಭಾಷಣ ಮಾಡಿದವರು. ಆದರೆ ನ್ಯೂಜೆರ್ಸಿಯಲ್ಲಿ ಕಾರಿಲ್ಲದೆ ಒಂದು ಗ್ಯಾಲನ್ ಹಾಲು ತರುವುದಕ್ಕೂ ಆಗುವುದಿಲ್ಲ. ಹಾಗಾಗಿ ಅವರ ಸಿದ್ಧಾಂತ ನನ್ನ ಕಾರಿನಲ್ಲಿ, ನನ್ನ ಪೆಟ್ರೋಲಿನಲ್ಲಿ ಓಡಾಡುತ್ತಿತ್ತು. ಮುಂದಿನ ಸೀಟಿನಲ್ಲಿ ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಕೂತು, ರೂಟ್ ಒನ್ ಉದ್ದಕ್ಕೂ ಆ ರಸ್ತೆಯನ್ನು ಕಟ್ಟಿದವರ ವಂಶವನ್ನೆಲ್ಲ ಜಾಲಾಡುತ್ತ ಬರುವರು. ಎಡಕ್ಕೆ ತಿರುಗಬೇಕಾದವರು ಮೊದಲು ಬಲಕ್ಕೆ ಹೋಗಿ ಸುತ್ತು ಹಾಕಬೇಕಾದ ನಮ್ಮ ರಾಜ್ಯದ ತಿರುವು ಬಂದಾಗಲಂತೂ ಅವರ ಬಾಯಿ ಕಟ್ಟುವವರೇ ಇರಲಿಲ್ಲ. ಎಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ಬರೆಯುತ್ತಿರುವ ಅವರ ಮಾತಿನ ಕನ್ನಡ ನನ್ನದು.

ಮೇಷ್ಟ್ರು ಘಾನಾ ದೇಶದವರು. ಆರ್ಕಿಟೆಕ್ಟು, ಅದಕ್ಕಿಂತ ಹೆಚ್ಚಾಗಿ ಊರುಗಳನ್ನು ಯೋಜಿಸುವವರು. ಬಹಳ ವರ್ಷ ಇಲ್ಲಿಯ ಕಾಲೇಜುಗಳಲ್ಲಿ ಪಾಠ ಮಾಡಿದ್ದರಿಂದ ಎಲ್ಲರ ಬಾಯಲ್ಲೂ ಪ್ರೊಫೆಸರ್. ನಮ್ಮ ಮನೆಯಲ್ಲಿ ಮಾತ್ರ ಮೇಷ್ಟ್ರು. ನ್ಯೂಅರ್ಕ್‌ನಲ್ಲಿ, ಕೂದಲು ಹೆಣೆಯುವ ಹೆಂಗಸರ ಅಂಗಡಿಯೊಂದರ ಮೇಲೆ ಅವರ ಆಫೀಸು. ಕೆಳಗಿನ ಹರಟೆ, ನಗು, ಜಗಳ ಎಲ್ಲ ಮೆಟ್ಟಿಲೇರಿ ನಮ್ಮ ಮೇಜಿನವರೆಗೂ ಬರುತ್ತಿತ್ತು. ನಾನು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಪಿಸ್ಕಾಟವೇಯ ಟೆಲಿಕಾಂ ಕಂಪನಿಯಲ್ಲಿದ್ದ ಗಂಡನ ಹಿಂದೆ ಬಂದು, ಗ್ರೀನ್ ಕಾರ್ಡಿಗಾಗಿ ಕಾದು ಕಾದು ಪೆನ್ಸಿಲು ಹಿಡಿಯುವುದನ್ನೇ ಮರೆತಿದ್ದವಳು. ಕೆಲಸ ಹುಡುಕಿಕೊಂಡು ಹೋದಾಗ ಅವರು ನನ್ನ ಸರ್ಟಿಫಿಕೇಟು ಮುಟ್ಟಿಯೂ ನೋಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

“ನಿಮ್ಮೂರಲ್ಲಿ ಹೆಂಗಸರು ಎಲ್ಲಿ ನಿಂತ್ಕೊಂಡು ಜಗಳ ಆಡ್ತಾರೆ?”

“ಬೀದಿ ನಲ್ಲಿ ಹತ್ರ ಆಡ್ತಿದ್ರು. ಈಗ ಎಲ್ಲರ ಮನೇಲೂ ನಲ್ಲಿ ಬಂದಿದೆ.”

“ಈಗೆಲ್ಲಿ ಆಡ್ತಾರೆ?”

“ಈಗ ಆಡೋದೇ ಇಲ್ಲ. ಮಾತು ಬಿಟ್ಟಿದಾರೆ.”

ಅವರು ಮೇಜು ಕುಟ್ಟಿ ನಕ್ಕರು. ಸೋಮವಾರದಿಂದ ಬಾ ಎಂದರು.

ಬಿಂಕ ಬಹಳ ಇತ್ತು ಮನುಷ್ಯನಿಗೆ. ಇಸ್ತ್ರಿ ಮಾಡಿದ ಬಣ್ಣಬಣ್ಣದ ಅಂಗಿ, ಅದಕ್ಕೆ ಒಪ್ಪುವ ಹ್ಯಾಟು, ಮೊನಚಾದ ಬೂಟು. ತನ್ನನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆ ಆರ್ಕಿಟೆಕ್ಟು ಹುಟ್ಟಿಲ್ಲ ಎಂಬ ಭಾವ. ರೈಲಿನಲ್ಲಿ ನದಿ ದಾಟಿ ನ್ಯೂಯಾರ್ಕಿಗೆ ಮೀಟಿಂಗಿಗೆ ಹೋದರೆ, ಅಲ್ಲಿಯ ಗಾಜಿನ ಗೋಪುರಗಳನ್ನು ತೋರಿಸಿ “ಎಷ್ಟೊಂದು ಫ್ರಿಜ್ಜುಗಳು” ಎನ್ನುವರು. ನನ್ನ ಮೊಸರನ್ನಕ್ಕೆ ತಮ್ಮ ಊರಿನ ಒಣಮೀನಿನ ಖಾರ ಹಾಕಿಕೊಂಡು ತಿಂದು, ಈಗ ಇದು ಊಟವಾಯಿತು ನೋಡು ಎಂದು ನನಗೇ ಬುದ್ಧಿ ಹೇಳುವರು. ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ನನ್ನ ಗಂಡನ ಮುಂದೆ ಅವರ ನಡಿಗೆಯನ್ನು ಅಣಕಿಸಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ಅವರ ಕಥೆಯನ್ನು ಕಂತುಕಂತಾಗಿ ಕಾರಿನಲ್ಲೇ ಕೇಳಿದ್ದು. ಹುಟ್ಟಿದ್ದು ಸಮುದ್ರದ ದಂಡೆಯ ಊರಿನಲ್ಲಿ. ತಾಯಿ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದರು. ಇವರು ಬೆಳೆದದ್ದು ಬಟ್ಟೆ ಹರಡಿದ ಮೇಜಿನ ಕೆಳಗೆ, ಬರುವ ಹೋಗುವ ಕಾಲುಗಳನ್ನು ನೋಡುತ್ತ. ಯಾವ ಕಾಲು ಕೊಳ್ಳುವುದು, ಯಾವ ಕಾಲು ಸುಮ್ಮನೆ ಮಾತಿಗೆ ನಿಂತದ್ದು ಎಂದು ಶಾಲೆಗೆ ಹೋಗುವ ಮೊದಲೇ ಗೊತ್ತಾಗುತ್ತಿತ್ತಂತೆ. ಅಲ್ಲಿಯದೇ ಕುಮಾಸಿ ನಗರದಲ್ಲಿ ಓದಿದರು. ಸರ್ಕಾರಿ ಕೆಲಸ ಸಿಕ್ಕಿ, ಒಳನಾಡಿನ ಒಂದು ಊರಿಗೆ ಬಸ್ ಸ್ಟ್ಯಾಂಡು ಕಟ್ಟಿದರು. ಆಮೇಲೆ ಸ್ಕಾಲರ್‌ಶಿಪ್ ಹಿಡಿದು ನ್ಯೂಯಾರ್ಕಿಗೆ ಬಂದವರು ಇಲ್ಲೇ ಉಳಿದರು. ಆಫ್ರಿಕಾದ ಯಾವಯಾವುದೋ ಸರ್ಕಾರಗಳು ಹೊಸ ಊರು ಬೇಕು, ಹೊಸ ರಾಜಧಾನಿ ಬೇಕು ಎಂದು ಇವರನ್ನು ಕರೆಸಿಕೊಂಡವು. ಅದೇನು ಗ್ರಹಚಾರವೋ, ಇವರ ನಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ಆ ಸರ್ಕಾರ ಬಿದ್ದುಹೋಗುತ್ತಿತ್ತು. ಹೀಗೆ ಆಫೀಸಿನ ಕಪಾಟಿನಲ್ಲಿ ಸುರುಳಿ ಸುತ್ತಿದ ನಗರಗಳು ಧೂಳು ತಿನ್ನುತ್ತ ಬಿದ್ದಿದ್ದವು.

ಇನ್ನು ನ್ಯೂಜೆರ್ಸಿಯಲ್ಲಿ ಕಟ್ಟಿದ್ದೇನು ಎಂದು ಕೇಳಿದರೆ ಮೇಷ್ಟ್ರು ಮಾತು ಬದಲಾಯಿಸುತ್ತಿದ್ದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಬೇಡದ ಸಾಮಾನು ಬಾಡಿಗೆಗೆ ಇಡುವ ಗೋದಾಮು, ಒಂದು ಲಾಂಡ್ರಿ. ಹೊಟ್ಟೆಪಾಡು. ಅವುಗಳ ಮುಂದೆ ಹಾದುಹೋಗುವಾಗ ಹ್ಯಾಟು ಕಣ್ಣಿನ ಮೇಲೆ ಎಳೆದುಕೊಂಡು ನಿದ್ದೆ ಬಂದವರ ಹಾಗೆ ನಟಿಸುವರು. ಎಪ್ಪತ್ತು ದಾಟಿತ್ತು. ಆಫೀಸಿನ ಬಾಡಿಗೆ ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ, ಬಾಗಿಲು ಹಾಕುತ್ತೇನೆ ಎಂದು ಹೇಳಿಬಿಟ್ಟಿದ್ದರು.

ಆ ಹೊತ್ತಿಗೆ ನಮ್ಮ ಕನ್ನಡದವರ ಸಂಘ ಕೆಂಡಲ್ ಪಾರ್ಕಿನ ಹತ್ತಿರ ಒಂದು ಜಾಗ ಕೊಂಡಿತು. ಹಳೆಯ ಕಾರ್ಪೆಟ್ ಅಂಗಡಿಯನ್ನು ಕೆಡವಿ ಉಳಿದ ಬೋಳು ಟಾರಿನ ಮೈದಾನ. ಅಲ್ಲೊಂದು ಭವನ ಆಗಬೇಕು. ಅಲ್ಲಿಯವರೆಗೆ ಯುಗಾದಿಗೊಂದು ಶಾಲೆ, ದೀಪಾವಳಿಗೊಂದು ಶಾಲೆ ಬಾಡಿಗೆ ಹಿಡಿದು, ಒಗ್ಗರಣೆ ಹಾಕಿದರೆ ಫೈರ್ ಅಲಾರಂ ಹೊಡೆದುಕೊಂಡು ನಮ್ಮ ಮಾನ ಹೋಗುತ್ತಿತ್ತು. ನಾನು ಸಮಿತಿಯಲ್ಲಿದ್ದೆ. ನಮ್ಮ ಮೇಷ್ಟ್ರನ್ನು ಒಮ್ಮೆ ಕರೆಸಿ ನೋಡಿ ಎಂದೆ. ಅಧ್ಯಕ್ಷರು ದೊಡ್ಡ ಕಂಪನಿಯೊಂದರಲ್ಲಿ ಐಟಿ ಮ್ಯಾನೇಜರು, ವೆಸ್ಟ್ ವಿಂಡ್ಸರ್‌ನವರು, ಎಲ್ಲದಕ್ಕೂ ಸ್ಲೈಡು ಮಾಡಿಕೊಂಡು ಬರುವ ಆಸಾಮಿ. ತಮ್ಮ ಮನೆಯಲ್ಲೇ ಮೀಟಿಂಗು ಇಟ್ಟರು.

ನಾನು ಕಾರು ನಿಲ್ಲಿಸುವಷ್ಟರಲ್ಲಿ ಮೇಷ್ಟ್ರು ಹೋಗಿ ಬೆಲ್ ಒತ್ತಿದ್ದರು. ಬಾಗಿಲು ತೆರೆದ ಆಂಟಿ ಒಬ್ಬರು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಊಟದ ಟ್ರೇಗಳನ್ನು ಗರಾಜಿನಲ್ಲಿ ಇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಪ್ಪು ಮನುಷ್ಯ ಬಾಗಿಲಿಗೆ ಬಂದರೆ ಏನೋ ತಲುಪಿಸಲೇ ಬಂದಿರಬೇಕು. ನಮ್ಮ ಜನರ ಬುದ್ಧಿ! ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮೇಷ್ಟ್ರು ನಿಜವಾಗಿಯೂ ಗರಾಜಿಗೆ ಹೋದರು. ಒಳಗೆಲ್ಲ ಸುತ್ತಿ, ಉಪ್ಪಿನಕಾಯಿ ಜಾಡಿ, ಅಕ್ಕಿ ಚೀಲ, ಎರಡನೆಯ ಫ್ರಿಜ್ಜು, ಮಡಿಚಿಟ್ಟ ಕುರ್ಚಿಗಳನ್ನು ನೋಡಿ, ಅಲ್ಲಿಂದಲೇ ಮನೆಯೊಳಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು:

“ಈ ಮನೇಲಿ ಮನುಷ್ಯರು ಬದುಕ್ತಿರೋ ರೂಮು ಅದೊಂದೇ. ನಾನೇ ನಿಮ್ಮ ಆರ್ಕಿಟೆಕ್ಟು. ಊಟ ಎಲ್ಲಿ?”

ಆಂಟಿ ಅವತ್ತು ಅವರ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಮೀಟಿಂಗು ಎಂದಿನಂತೆ ನಡೆಯಿತು. ಅಧ್ಯಕ್ಷರು ಸ್ಲೈಡು ತೋರಿಸಿದರು, ಉಳಿದವರು ಹೌದು ಹೌದು ಎಂದರು. ಆಮೇಲೆ ಎಲ್ಲರೂ “ಬರ್ತೀವಿ” ಎಂದು ಎದ್ದು ಬಾಗಿಲ ಹತ್ತಿರ ಬಂದೆವು. ಬಂದವರು ಹೋಗಲಿಲ್ಲ. ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ, ಅರಿಶಿನ ಕುಂಕುಮ ತೆಗೆದುಕೊಳ್ಳುತ್ತ, ಮತ್ತೆ ಮಾತಿಗೆ ನಿಂತೆವು. ಮೇಷ್ಟ್ರು ಕೋಟು ಹಾಕಿಕೊಂಡು, ಹ್ಯಾಟು ಇಟ್ಟುಕೊಂಡು, ಕಾದು, ಹ್ಯಾಟು ತೆಗೆದು, ಕೊನೆಗೆ ಕೋಟನ್ನೂ ತೆಗೆದರು.

ಕಾರು ಹತ್ತಿದ ಮೇಲೆ ಕೇಳಿದರು. “ಅಷ್ಟೊತ್ತು ಅಲ್ಲಿ ಏನ್ ಮಾಡ್ತಿದ್ರಿ?”

“ಹೊರಡ್ತಾ ಇದ್ವಿ.”

“ಏನೇನು ಮಾತಾಡಿದ್ರಿ, ಹೇಳು.”

ಹೇಳಿದೆ. ಒಬ್ಬರ ಕೆಲಸ ಹೋಗಿದೆ, ಇನ್ನೂ ಯಾರಿಗೂ ಹೇಳಿಲ್ಲ. ಇನ್ನೊಬ್ಬರ ಮಗಳು ಚೀನಾದ ಹುಡುಗನನ್ನು ಮದುವೆಯಾಗುತ್ತಾಳಂತೆ, ಅಡುಗೆಗೆ ಯಾರನ್ನು ಕರೆಯಲಿ ಎಂಬ ಚಿಂತೆ. ಅಧ್ಯಕ್ಷರ ಸ್ಲೈಡು ಯಾರಿಗೂ ಅರ್ಥವಾಗಿಲ್ಲ.

“ಹಾಗಾದ್ರೆ ಒಳಗೆ ಸೋಫಾ ಮೇಲೆ ಕೂತು ನೀವೆಲ್ಲ ಸುಳ್ಳು ಹೇಳಿದ್ರಿ. ಬಾಗಿಲ ಹತ್ರ ನಿಜ ಹೇಳಿದ್ರಿ. ನಾನು ನಿಮಗೆ ಬಾಗಿಲು ಕಟ್ಟಿಕೊಡ್ತೀನಿ. ಅದರ ಹಿಂದೆ ಒಂದು ಹಾಲ್ ಬೇಕಿದ್ರೆ ಇರ್ಲಿ.”

ಹಾಗೇ ಬರೆದರು. ಹಾಲ್ ಸಾಧಾರಣದ್ದು. ಅದರ ಮುಂದೆ, ಕಟ್ಟಡದ ಉದ್ದಕ್ಕೂ, ಮಾಡು ಇಳಿಬಿಟ್ಟ ಅಗಲವಾದ ಜಗಲಿ. ಗೋಡೆಗೆ ಸೇರಿದಂತೆ ಕೂರುವ ಕಟ್ಟೆ, ಕಟ್ಟೆಯ ಕೆಳಗೆ ಚಪ್ಪಲಿಗೆ ಗೂಡು. ನಕ್ಷೆ ನೋಡಿ ಅಧ್ಯಕ್ಷರ ಮುಖ ಇಳಿಯಿತು. ಜಗಲಿ ಬಂದ ಕಡೆ ಅವರು ತಮ್ಮ ಸ್ಲೈಡಿನಲ್ಲಿ ಕಾರು ನಿಲ್ಲಿಸುವ ಸಾಲು ಹಾಕಿದ್ದರು.

“ಅಲ್ಲಾ ಮೇಡಂ, ಇದು ನ್ಯೂಜೆರ್ಸಿ. ಚಳಿಗಾಲದಲ್ಲಿ ಹೊರಗಡೆ ಯಾರ್ರೀ ಕೂರ್ತಾರೆ? ಪಾರ್ಕಿಂಗ್ ಇಲ್ದಿದ್ರೆ ಜನಾನೇ ಬರಲ್ಲ. ಜಗಲಿ ವೇಸ್ಟ್ ಆಫ್ ಸ್ಪೇಸು. ಸುಮ್ನೆ ರೆಡಿಮೇಡ್ ಮೆಟಲ್ ಶೆಡ್ ತರಿಸಿ ನಿಲ್ಸೋಣ, ಫಾಸ್ಟಾಗಿ ಆಗೋಗತ್ತೆ.”

ಮುಂದಿನ ಸಭೆಯಲ್ಲಿ ಓಟು ಹಾಕುವುದು ಎಂದಾಯಿತು. ಜಗಲಿ ಇಲ್ಲದಿದ್ದರೆ ನಾನಿಲ್ಲ ಎಂದು ಮೇಷ್ಟ್ರು ಬರೆದು ಕಳಿಸಿಬಿಟ್ಟರು. ನನಗೆ ಸಿಟ್ಟು ಬಂತು. ಪ್ರಿನ್ಸ್‌ಟನ್ ಜಂಕ್ಷನ್ನಿನ ಸ್ಟೇಷನ್ನಿಗೆ ಬಿಡುವಾಗ ದಾರಿಯುದ್ದಕ್ಕೂ ಜಗಳವಾಡಿದೆ. ಒಂದು ಜಗಲಿಗೆ ಇಷ್ಟು ಜಂಬ ಯಾಕೆ, ಸ್ವಲ್ಪ ಕಿರಿದು ಮಾಡಿದರೆ ಗಂಟೇನು ಹೋಗುತ್ತದೆ ಎಂದೆ. ಅವರು ತಿರುಗಿ ಬೈಯಲಿಲ್ಲ. ಅದೇ ನನಗೆ ಭಯವಾದದ್ದು.

“ಆ ಬಸ್ ಸ್ಟ್ಯಾಂಡು ಹೇಳಿದ್ನಲ್ಲ,” ಎಂದರು. “ಅದನ್ನ ಒಡೆದುಹಾಕಿದ್ರು. ರಸ್ತೆ ಅಗಲ ಮಾಡೋಕೆ. ಅಲ್ಲಿ ಎಲ್ಲಿಗೂ ಹೋಗದೇ ಇರೋರು ಬಂದು ಕೂರ್ತಿದ್ರು. ಮುದುಕರು, ಪರೀಕ್ಷೆಗೆ ಓದೋ ಮಕ್ಕಳು. ನಾನು ಕಟ್ಟಿದ್ದರಲ್ಲಿ ಸರಿಯಾದದ್ದು ಅದೊಂದೇ. ಈಗ ಅದಿಲ್ಲ. ಇದೂ ಆಗದಿದ್ರೆ ನಾನು ಒಂದು ಲಾಂಡ್ರಿ ಕಟ್ಟಿ ಸತ್ತವನು.”

ರೈಲು ಬಂತು, ಹತ್ತಿ ಹೋದರು. ಅವತ್ತು ಮನೆಗೆ ಬಂದ ಮೇಲೆ ಅವರ ನಡಿಗೆ ಅಣಕಿಸುವುದಕ್ಕೂ ಮನಸ್ಸಾಗಲಿಲ್ಲ.

ಓಟಿಗೆ ಮೊದಲು ಒಂದು ಶನಿವಾರ ಎಲ್ಲರೂ ಜಾಗಕ್ಕೆ ಬರಬೇಕು ಎಂದು ಮೇಷ್ಟ್ರು ಕರೆ ಕಳಿಸಿದರು. ಅವರ ಊರಿನಲ್ಲಿ ಕಟ್ಟುವವರು ನೆಲದ ಮೇಲೆ ಬಿಳಿ ಗೆರೆ ಎಳೆದು, ಮನೆಯವರನ್ನು ಅದರೊಳಗೆ ಓಡಾಡಿಸಿ ನೋಡುತ್ತಾರಂತೆ. ಗೆರೆ ಹಾಕುವುದು ನಮ್ಮಲ್ಲೂ ಉಂಟು, ಅದರಲ್ಲೇನು ಹೆಚ್ಚುಗಾರಿಕೆ ಎಂದೆ. ಹಾಗಾದರೆ ನೀನೇ ಹಾಕು ಎಂದರು. ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಿಂದ ರಂಗೋಲಿ ಪುಡಿ ತಂದು, ನವೆಂಬರಿನ ಗಾಳಿಯಲ್ಲಿ, ಟಾರಿನ ಮೇಲೆ ಮಂಡಿಯೂರಿ ಇಡೀ ಭವನವನ್ನು ನಿಜವಾದ ಅಳತೆಯಲ್ಲಿ ಬರೆದೆ. ಮೇಷ್ಟ್ರು ಕೈಗೆ ಗ್ಲೌಸು ಹಾಕಿಕೊಂಡು ನಿಂತು, ಅಲ್ಲಿ ಸೊಟ್ಟ, ಇಲ್ಲಿ ಸೊಟ್ಟ ಎನ್ನುತ್ತಿದ್ದರು. ಜಗಲಿಗೆ ಒಂದು ಗೆರೆ, ಹಾಲ್‌ಗೆ ಒಂದು ಗೆರೆ, ಬಾಗಿಲಿರುವ ಕಡೆ ಗೆರೆಯಲ್ಲಿ ಒಂದು ಸಂದು. ಯಾರಿಗೂ ಏನೂ ಹೇಳಬೇಡ, ಬಾಯಿ ಹೊಲಿದುಕೊಂಡಿರು ಎಂದು ನನಗೆ ಅಪ್ಪಣೆಯಾಯಿತು.

ಜನ ಬಂದರು. ಫಾಯಿಲ್ ಟ್ರೇಯಲ್ಲಿ ಬಿಸಿಬೇಳೆಬಾತ್, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ಬಂತು. ಹಾಲ್‌ನ ಗೆರೆಯೊಳಗೆ ಮೇಜು ಹಾಕಿ ಇಟ್ಟೆವು. ಊಟಕ್ಕೆಂದು ಎಲ್ಲರಿಗಿಂತ ಮೊದಲು ಒಳಗೆ ಹೊರಟವರು ಗರಾಜಿನ ಆಂಟಿ. ಬಾಗಿಲಿನ ಸಂದಿನ ಹತ್ತಿರ ಬಂದು, ಒಂದು ಕ್ಷಣ ನಿಂತು, ಬಗ್ಗಿ ಶೂ ಬಿಚ್ಚಿದರು. ಬಿಚ್ಚಿ, ಗೆರೆಯ ಹೊರಗೆ ಜೋಡಿಸಿಟ್ಟು, ಬಲಗಾಲಿಟ್ಟು ಒಳಗೆ ಹೋದರು.

ಗೋಡೆ ಇಲ್ಲ, ಮಾಡು ಇಲ್ಲ. ಆಕಾಶ, ಟಾರು, ಅದರ ಮೇಲೆ ಹೆಪ್ಪುಗಟ್ಟಿಸುವ ಚಳಿ. ಅವರ ಹಿಂದೆ ಬಂದವರೂ ಬಿಚ್ಚಿದರು. ಅವರ ಹಿಂದಿನವರೂ. ಬೆಂಗಳೂರಿನ ಮುಸ್ಲಿಂ ಸಂಸಾರವೊಂದು ಬಂತು. ಅವರೂ ಬಿಚ್ಚಿ, ಮಕ್ಕಳಿಗೂ ಬಿಚ್ಚಿಸಿದರು. ಮಕ್ಕಳು ಮಾತ್ರ “ವೈ? ದೇರ್ ಈಸ್ ನೋ ಹೌಸ್!” ಎಂದು ಕೂಗಾಡಿದವು. “ಸುಮ್ನೆ ಬಿಡೋ, ಎಲ್ಲರೂ ಬಿಟ್ಟಿಲ್ವಾ” ಎಂದು ತಲೆಗೊಂದು ಮೊಟಕು ಬಿತ್ತು. ನಾನು ಕೂಡ ಬಿಚ್ಚಿದ್ದೆ. ಆ ಗೆರೆಯನ್ನು ಎಳೆದ ನಾನು, ಅಲ್ಲಿ ಪುಡಿ ಬಿಟ್ಟರೆ ಬೇರೇನೂ ಇಲ್ಲವೆಂದು ಬಲ್ಲ ನಾನು, ಕಾಲುಚೀಲದಲ್ಲಿ ಕುಣಿಯುತ್ತ ನಿಂತಿದ್ದೆ.

ಅಧ್ಯಕ್ಷರು ಟೇಪು ಹಿಡಿದು ಬಂದರು. ಎಷ್ಟು ಕಾರಿನ ಜಾಗ ಹಾಳಾಗುತ್ತಿದೆ ಎಂದು ಅಳೆದು ತೋರಿಸುವ ಉದ್ದೇಶ. ದೂರದಿಂದಲೇ ವಾದ ಶುರು ಮಾಡಿ, ವಾದಿಸುತ್ತಲೇ ಬಗ್ಗಿ ಲೇಸು ಬಿಚ್ಚಿ, ಶೂಗಳನ್ನು ಗೆರೆಯಾಚೆ ಬಿಟ್ಟು, ಒಳಗೆ ಬಂದು ವಾದ ಮುಂದುವರಿಸಿದರು. ಮೇಷ್ಟ್ರು ಅವರನ್ನು ಪೂರಾ ಮಾತಾಡಲು ಬಿಟ್ಟರು. ಅಷ್ಟು ತಾಳ್ಮೆ ಅವರಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ಊಟವಾಯಿತು, ಕಾಫಿಯಾಯಿತು, ಎಲ್ಲರೂ “ಬರ್ತೀವಿ” ಎಂದರು. ಎಂದು, ನೇರ ಜಗಲಿಯ ಗೆರೆಯೊಳಗೆ ಹೋಗಿ ನಿಂತರು. ಚಪ್ಪಲಿಯ ರಾಶಿಯಲ್ಲಿ ತಮ್ಮದನ್ನು ಹುಡುಕುತ್ತ, ಹಿಡಿಯಲು ಗೋಡೆಯಿಲ್ಲದೆ ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಒಂಟಿಕಾಲಿನಲ್ಲಿ ಮಾತಿಗೆ ತೊಡಗಿದರು. ಹಿಂದುಗಡೆ ಹಾಲ್ ಖಾಲಿ. ಜಗಲಿಯ ಗುಂಪಿನ ಮಧ್ಯೆ ಅಧ್ಯಕ್ಷರು, ಯಾರದೋ ಎಚ್ ಒನ್ ವೀಸಾದ ಕಷ್ಟ ಕೇಳುತ್ತ, ತೋಳಿನ ಕೆಳಗೆ ಟೇಪು ಸಿಕ್ಕಿಸಿಕೊಂಡು ನಿಂತಿದ್ದರು. ಮೇಷ್ಟ್ರು ಹೋಗಿ ಹ್ಯಾಟು ತೆಗೆದು ಕೇಳಿದರು:

“ಅಧ್ಯಕ್ಷರೇ, ನೀವೀಗ ಎಲ್ಲಿ ನಿಂತಿದೀರಿ?”

ಅವರು ಕೆಳಗೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತಮ್ಮ ಕಾಲುಚೀಲ ನೋಡಿಕೊಂಡರು.

“ಹೋಗ್ಲಿ ಬಿಡ್ರಿ, ಗೊತ್ತಾಯ್ತು,” ಎಂದು ಅವರು ಕನ್ನಡದಲ್ಲೇ ಹೇಳಿದ್ದು. ಮೇಷ್ಟ್ರಿಗೆ ಭಾಷಾಂತರ ಬೇಕಾಗಲಿಲ್ಲ. ಆಮೇಲೆ ಎಲ್ಲರಿಗೂ ನಗು ಹತ್ತಿಕೊಂಡು, ಅಧ್ಯಕ್ಷರೂ ನಕ್ಕು, ನಿಂತು ಆಡಬೇಕಾದ ಮಾತು ಇನ್ನಷ್ಟು ಉದ್ದವಾಯಿತು.

ಓಟಿನಲ್ಲಿ ಜಗಲಿ ಗೆದ್ದಿತು. ಟೌನ್‌ಶಿಪ್‌ನವರು, ಅಂದರೆ ಇಲ್ಲಿಯ ಪುರಸಭೆಯವರು, ಪಾರ್ಕಿಂಗ್ ಕಡಿಮೆಯಾಯಿತು ಎಂದು ತಗಾದೆ ತೆಗೆದರು. ಪಕ್ಕದ ಚರ್ಚಿಗೆ ಕಾರು ಬರುವುದು ಭಾನುವಾರ, ನಮಗೆ ಶನಿವಾರ. ಇಬ್ಬರೂ ಒಂದೇ ಪಾರ್ಕಿಂಗ್ ಲಾಟ್ ಬಳಸಿಕೊಳ್ಳಲಿ ಎಂದು ಮೇಷ್ಟ್ರು ದಾರಿ ತೋರಿಸಿದರು. ಪಾದ್ರಿಯವರನ್ನು ಒಪ್ಪಿಸಲು ಹೋದ ಅಧ್ಯಕ್ಷರು ಅಲ್ಲಿ ಜಗಲಿಯ ಮಹಿಮೆಯ ಮೇಲೆ ಸ್ಲೈಡು ತೋರಿಸಿದರಂತೆ. ಕಟ್ಟುವಾಗಿನ ಜಗಳಗಳನ್ನು ಬರೆಯಹೋದರೆ ಇನ್ನೊಂದು ಪುಸ್ತಕವಾಗುತ್ತದೆ. ಆಫೀಸಿನ ಕರಾರು ಮುಗಿದರೂ ಮೇಷ್ಟ್ರು ನಮ್ಮ ಡೈನಿಂಗ್ ಟೇಬಲ್ ಆಕ್ರಮಿಸಿಕೊಂಡು ಕೆಲಸ ಮುಗಿಸಿದರು. ನಾವು ಮನೆಯವರು ಸೋಫಾದ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು.

ಪ್ರಾರಂಭೋತ್ಸವದ ದಿನ ದೀಪ ಹಚ್ಚಿದ ಮೇಲೆ ಭಾಷಣಗಳು ಶುರುವಾದವು. ಸ್ವಾಗತ, ಪ್ರಸ್ತಾವನೆ, ಸ್ವಾಗತಿಸಿದವರಿಗೆ ವಂದನೆ. ಮೇಷ್ಟ್ರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಪೇಟ ಅವರಿಗೆ ಎಷ್ಟು ಒಪ್ಪಿತೆಂದರೆ, ಬಿಂಕ ಇನ್ನೂ ಒಂದು ಗೇಣು ಏರಿತು. ಮುಂದಿನ ಭಾಷಣ ಮುಗಿಯುವುದರೊಳಗೆ ನೋಡುತ್ತೇನೆ, ಅವರ ಕುರ್ಚಿ ಖಾಲಿ.

ಹೊರಗೆ ಬಂದೆ. ಜಗಲಿಯ ನಟ್ಟನಡುವೆ, ಕಟ್ಟೆಯ ಮೇಲೆ, ಪೇಟ ತೊಟ್ಟು ಒಬ್ಬರೇ ಕೂತಿದ್ದರು. ಅಷ್ಟು ಉದ್ದದ ಕಟ್ಟೆಯಲ್ಲಿ ಬೇರೆ ಒಂದು ನರಪಿಳ್ಳೆಯಿಲ್ಲ. ಮುಖ ಸಣ್ಣದಾಗಿತ್ತು. ಅವರ ಪಕ್ಕ ಕೂರೋಣವೆಂದರೆ, ನಾನು ಕೂತರೆ ಅದು ಲೆಕ್ಕಕ್ಕೆ ಬರುವುದಿಲ್ಲ ಅನ್ನಿಸಿ ಬಾಗಿಲಲ್ಲೇ ನಿಂತೆ.

ಆಗ ಒಳಗಿನಿಂದ ಒಬ್ಬ ಮುದುಕಿ ಬಂದರು. ಅಧ್ಯಕ್ಷರ ತಾಯಿ, ಆ ವಾರವಷ್ಟೇ ಮೈಸೂರಿನಿಂದ ಬಂದವರು. ರೇಷ್ಮೆ ಸೀರೆಯ ಮೇಲೆ ಮಗನ ಜಾಕೆಟ್ಟು. ಅವರಿಗೆ ಇವರು ಯಾರೆಂದು ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ.

“ಸ್ವಲ್ಪ ಆ ಕಡೆ ಸರಿಯಪ್ಪ. ಒಳಗೆ ಕೂತು ಕೂತು ಸೊಂಟ ಬಿದ್ದೋಯ್ತು.”

ಮೇಷ್ಟ್ರು ಸರಿದರು. ಮುದುಕಿ ಅವರ ಭುಜ ಹಿಡಿದು ಕೂತು, ಕಾಲು ಚಾಚಿ, ಒಳಗಿದ್ದ ತಮ್ಮ ವಾರಗೆಯ ಇನ್ನೊಬ್ಬರನ್ನು ಕೈಬೀಸಿ ಕರೆದರು. ಅವರ ಹಿಂದೆ ಸೊಸೆ ಬಂದಳು, ಸೊಸೆಯ ಹಿಂದೆ ಮಗು, ಮಗುವಿನ ಹಿಂದೆ ತಟ್ಟೆ ಹಿಡಿದ ಗಂಡ. ಹುಬ್ಬಳ್ಳಿ ಕಡೆಯವರೊಬ್ಬರು “ಸರ್ಕೊಳ್ರಿ, ಸರ್ಕೊಳ್ರಿ, ಇನ್ನೂ ಜಾಗ ಐತಿ” ಎನ್ನುತ್ತ ತೂರಿಕೊಂಡರು. ಮೇಷ್ಟ್ರು ಸರಿಯುತ್ತ ಹೋದರು. ಒಳಗೆ ಮೈಕಿನಲ್ಲಿ ಅಧ್ಯಕ್ಷರು “ದಯವಿಟ್ಟು ಎಲ್ಲರೂ ಒಳಗೆ ಬಂದು ಆಸೀನರಾಗಬೇಕು” ಎಂದು ಬೇಡಿಕೊಳ್ಳುತ್ತಿದ್ದರು. ಯಾರೂ ಏಳಲಿಲ್ಲ. ಕೊನೆಗೆ ಅವರೇ ಕರೆಯಲು ಹೊರಗೆ ಬಂದರು. ತಾಯಿ ಅವರ ಕೈ ಹಿಡಿದೆಳೆದು “ಕೂತ್ಕೊಳೋ ಒಂದ್ ನಿಮಿಷ” ಎಂದರು. ಕೂತವರು ಅಲ್ಲೇ ಉಳಿದರು.

ಅಧ್ಯಕ್ಷರು ಕೂತ ರಭಸಕ್ಕೆ ಕಟ್ಟೆಯ ಆ ತುದಿಯಲ್ಲಿದ್ದ ಮೇಷ್ಟ್ರಿಗೆ ಜಾಗವೇ ಉಳಿಯಲಿಲ್ಲ. ಎದ್ದು ಕೆಳಗಿಳಿದು, ಟಾರಿನ ಮೇಲೆ ಕಾರುಗಳ ನಡುವೆ ನಿಂತು, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಮಾತಿನಲ್ಲಿದ್ದರು. ನಾನು ಹತ್ತಿರ ಹೋದೆ. ಪೇಟದ ಕೆಳಗೆ ಕೆನ್ನೆಯ ಮೇಲೆಲ್ಲ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ನನಗೂ ಅಳು ತಡೆಯಲಾಗಲಿಲ್ಲ.

“ಕಟ್ಟೆ ಗಿಡ್ಡವಾಯ್ತು,” ಎಂದು ನನ್ನನ್ನೇ ಗದರಿದರು. “ಇನ್ನೂ ಉದ್ದ ಬೇಕಿತ್ತು ಅಂತ ನಿನಗೆ ಆಗಲೇ ಹೇಳೋಕೆ ಏನಾಗಿತ್ತು?”